ಅಂದರೆಯವರು ನೀರಿಗಿಳಿದದ್ದು

ಅವರ ಬಾಯಿಂದ ದಿನಕ್ಕೆ ನೂರು ಸಲವಾದರೂ ಹೊರಬೀಳುತ್ತಿದ್ದ ಮಾತು ಒಂದೇ: 'ಅಂದರೆ?' ಅದನ್ನು ಅವರು ಜಗಳದ ದನಿಯಲ್ಲಿ ಕೇಳುತ್ತಿರಲಿಲ್ಲ, ವ್ಯಂಗ್ಯದ ಎಳೆಯೂ ಅದರಲ್ಲಿರುತ್ತಿರಲಿಲ್ಲ. ಕತ್ತನ್ನು ಒಂದಿಷ್ಟು ಮುಂದಕ್ಕೆ ಚಾಚಿ, ಬಲಗಿವಿಯನ್ನು ಎದುರಿನವರ ಕಡೆ ತಿರುಗಿಸಿ, ಹುಬ್ಬುಗಳೆರಡನ್ನೂ ಕನ್ನಡಕದ ಚೌಕಟ್ಟಿನಿಂದ ಮೇಲಕ್ಕೆತ್ತಿ, ತಮಗೆ ನಿಜವಾಗಿಯೂ ತಿಳಿಯಲಿಲ್ಲವೆಂಬ ನಿಷ್ಕಪಟ ವಿನಯದಿಂದ ಕೇಳುತ್ತಿದ್ದರು. ನಾಳೆ ಬರುತ್ತೇನೆ ಎಂದವರಿಗೆ ಬೆಳಿಗ್ಗೆಯೋ ಸಂಜೆಯೋ ಹೇಳದೆ ಬಿಡುಗಡೆಯಿರಲಿಲ್ಲ. ಪರವಾಗಿಲ್ಲ ಎಂದವರು, ಚೆನ್ನಾಗಿದೆಯೆಂಬ ಅರ್ಥದಲ್ಲಿ ಹಾಗೆಂದರೋ ಅಥವಾ ಕೆಟ್ಟಿದ್ದರೂ ಸಹಿಸಿಕೊಳ್ಳುವೆನೆಂಬ ಅರ್ಥದಲ್ಲೋ ಎಂಬುದನ್ನು ವಿವರಿಸಬೇಕಾಗುತ್ತಿತ್ತು. ನಮ್ಮ ಮುದ್ರಣಾಲಯದ ಯಂತ್ರದ ಕೋಣೆಯವರು ಅವರ ನಿಜನಾಮವನ್ನು ಹಾಜರಿ ಪುಸ್ತಕಕ್ಕೆ ಬಿಟ್ಟುಕೊಟ್ಟು 'ಅಂದರೆಯವರು' ಎಂದೇ ಕರೆಯುತ್ತಿದ್ದರು. ಮೊದಲ ಸಲ ಯಾರೋ ಬಾಯಿತಪ್ಪಿ ಎದುರಿಗೇ ಹಾಗೆಂದಾಗ ಇವರು ತಲೆಯೆತ್ತಿ ಕೇಳಿದ್ದು ಏನೆಂದು ಬೇರೆ ಹೇಳಬೇಕಾಗಿಲ್ಲ.

ಹನ್ನೊಂದು ವರ್ಷ ನಾನು ಅವರೆದುರು ಕೂತು ಕೆಲಸ ಮಾಡಿದೆ. ನಮ್ಮಲ್ಲಿ ಅಚ್ಚಾಗುತ್ತಿದ್ದುದು ಕತೆ ಕಾದಂಬರಿಗಳಲ್ಲ. ಔಷಧದ ಪೆಟ್ಟಿಗೆಯೊಳಗೆ ಎಂಟು ಮಡಿಕೆಯಾಗಿ ಮುದುಡಿ ಕೂತಿರುವ, ಬಿಡಿಸಿದವರು ಮತ್ತೆ ಮಡಿಸಲಾರದೆ ಬಿಸಾಡುವ ಆ ತೆಳುಕಾಗದ. ನಾನು ಮೂಲಪ್ರತಿಯನ್ನು ಅಲ್ಪವಿರಾಮ, ಪೂರ್ಣವಿರಾಮಗಳ ಸಮೇತ ಗಟ್ಟಿಯಾಗಿ ಓದಬೇಕು. ಅವರು ಉಕ್ಕಿನ ಅಡಿಕೋಲನ್ನು ಪ್ರೂಫಿನ ಮೇಲೆ ಸಾಲುಸಾಲಾಗಿ ಕೆಳಗಿಳಿಸುತ್ತ ನೋಡಬೇಕು. ಇರುವೆ ಸಾಲಿನಂಥ ಆ ಅಕ್ಷರಗಳಲ್ಲಿ ಒಮ್ಮೆ 'ಮಕ್ಕಳಿಗೆ ಕೊಡಬಾರದು' ಎಂದಿರಬೇಕಾದಲ್ಲಿ 'ಕೊಡಬಹುದು' ಎಂದು ಬಿದ್ದಿತ್ತು. ಮೂವರ ಸಹಿಯಾಗಿ, ಯಂತ್ರ ತಿರುಗಲು ಅಣಿಯಾದ ಮೇಲೆ ಅದು ಅವರ ಕಣ್ಣಿಗೆ ಬಿತ್ತು. ಇಂಥ ತಪ್ಪು ಹಿಡಿದ ಬೇರೆ ಯಾರೇ ಆದರೂ ಆ ವಾರವೆಲ್ಲ ಎದೆಯುಬ್ಬಿಸಿ ಓಡಾಡುತ್ತಿದ್ದರು. ಇವರು ಮಾತ್ರ ತಾವೇ ಆ ತಪ್ಪು ಮಾಡಿದವರಂತೆ ಮುಖ ಬಾಡಿಸಿಕೊಂಡು, ಕೊಡೆಯನ್ನು ಕುರ್ಚಿಯ ಬೆನ್ನಿಗೇ ಬಿಟ್ಟು ಮನೆಗೆ ಹೋದರು. ತಪ್ಪು ಸಿಕ್ಕಾಗ ಅವರಿಗೆಂದೂ ಸಂತೋಷವಾದದ್ದನ್ನು ನಾನು ಕಾಣೆ.

ಬೇಸಗೆಯಲ್ಲೂ ಬಿಡದ ಒಂದು ಕಂದು ಕೋಟು ಅವರಿಗಿತ್ತು. ಅದರ ನಾಲ್ಕು ಜೇಬುಗಳಲ್ಲಿ ಯಾವುದರಲ್ಲಿ ಏನಿದೆಯೆಂಬ ವ್ಯವಸ್ಥೆ ಎಷ್ಟು ಪಕ್ಕಾ ಆಗಿತ್ತೆಂದರೆ, ಕೋಟು ಕಳಚಿದ ದಿನ ಅವರಿಗೆ ತಮ್ಮ ಕೈಗಳನ್ನು ಎಲ್ಲಿಡಬೇಕೆಂದೇ ತೋಚುತ್ತಿರಲಿಲ್ಲ. ನಡಿಗೆಯೂ ವೃತ್ತಿಯದೇ. ರಸ್ತೆಯನ್ನು ಎಡದಿಂದ ಬಲಕ್ಕೆ ಓದುತ್ತ ಹೋಗುವವರಂತೆ ಸಮವೇಗದಲ್ಲಿ ಸಾಗಿ, ತಿರುವು ಬಂದಲ್ಲಿ ಚಣಹೊತ್ತು ನಿಂತು, ಮುಂದಿನ ಸಾಲನ್ನು ಹಿಡಿದುಕೊಂಡಂತೆ ಮತ್ತೆ ಹೊರಡುವರು. ಅಂಗಡಿಯ ಫಲಕದಲ್ಲಿ ಒತ್ತಕ್ಷರವೊಂದು ತಪ್ಪಿದ್ದರೆ ಆ ಅಂಗಡಿಯ ಮುಂದೆ ಹಾಯುವಾಗ ಅವರ ಹೆಜ್ಜೆ ಎಡವುತ್ತಿತ್ತು. ನಾನು ಜೊತೆಗಿದ್ದು ಕಣ್ಣಾರೆ ಕಂಡಿದ್ದೇನೆ.

ಇಂಥ ಮನುಷ್ಯನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಸಮುದ್ರದ ತಳಕ್ಕಿಳಿಯುವ ವಿದ್ಯೆಯನ್ನು ಹುಡುಕುವ ಕೆಲಸ ಬಂದದ್ದು ಅವರ ಹೆಂಡತಿಯಿಂದ.

ಆಕೆಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನರ್ಸಾಗಿದ್ದವರು. ಎತ್ತರದ ನಿಲುವು, ಕಡಿಮೆ ಮಾತು, ಹಿಡಿದ ವಸ್ತುವನ್ನು ಗಟ್ಟಿಯಾಗಿ ಹಿಡಿಯುವ ಕೈ. ಕೆಲಸಕ್ಕೆ ಹೋಗುವ ಮೊದಲು ದಿನಾ ಬೆಳಿಗ್ಗೆ ಊರಿನ ಈಜುಕೊಳದಲ್ಲಿ ಅರ್ಧ ಗಂಟೆ ಈಜದಿದ್ದರೆ ಆಕೆಗೆ ದಿನ ಶುರುವಾಗುತ್ತಿರಲಿಲ್ಲ. ಅಂದರೆಯವರಿಗೋ ನೀರೆಂದರೆ ಜೀವ ಹಾರುತ್ತಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ಎಡಗಿವಿಗೆ ಶಸ್ತ್ರಚಿಕಿತ್ಸೆಯಾಗಿ, ಕಿವಿಗೆ ಹನಿ ನೀರೂ ಸೋಕಬಾರದೆಂದು ಡಾಕ್ಟರು ಹೇಳಿದ್ದನ್ನು ಅವರ ತಾಯಿ ಅಕ್ಷರಶಃ ಪಾಲಿಸಿದ್ದರಂತೆ. ಗಾಯ ಮಾಯ್ದರೂ ಭಯ ಮಾಯಲಿಲ್ಲ. ರಜೆಗೆಂದು ಎಲ್ಲಿಗೆ ಹೋದರೂ ಆಕೆ ನೀರಿನಲ್ಲಿ, ಇವರು ಕೋಟು ತೊಟ್ಟು, ಆಕೆಯ ಟವೆಲನ್ನು ಮಡಿಲಲ್ಲಿಟ್ಟುಕೊಂಡು ದಡದಲ್ಲಿ. ಈ ಏರ್ಪಾಟಿಗೆ ಇಬ್ಬರೂ ಒಗ್ಗಿಹೋಗಿದ್ದರು, ಅಥವಾ ಒಗ್ಗಿಹೋಗಿದ್ದಾರೆಂದು ಇವರು ನಂಬಿದ್ದರು.

ಆಕೆ ನಿವೃತ್ತಿಯಾದ ತಿಂಗಳಲ್ಲೇ, ಊಟದ ತಟ್ಟೆ ಎತ್ತುತ್ತ, ಹವಾಮಾನದ ಮಾತಾಡುವಷ್ಟು ಸರಾಗವಾಗಿ ವಿಷಯ ಎತ್ತಿದರಂತೆ.

"ಈ ರಜೆಗೆ ಸಮುದ್ರಕ್ಕೆ ಹೋಗೋಣ. ನೀರಿನ ಮೇಲೆ ಈಜಿ ಸಾಕಾಗಿದೆ. ಒಳಗೇನಿದೆ ನೋಡಬೇಕು."

"ಅಂದರೆ?"

"ಅಂದರೆ ಮುಳುಗೋದು. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು. ನೀವೂ ಬರ್ತೀರಿ."

ಮರುದಿನ ನನಗಿದನ್ನು ಹೇಳುವಾಗ ಅವರನ್ನು ಕಾಡುತ್ತಿದ್ದುದು ಸಮುದ್ರವಲ್ಲ, ಆ ಕೊನೆಯ ಪದ. ಆಕೆ 'ಬರ್ತೀರಾ' ಎಂದಿರಲಿಲ್ಲ, 'ಬರ್ತೀರಿ' ಎಂದಿದ್ದರು. ಪ್ರಶ್ನಾರ್ಥಕ ಚಿಹ್ನೆ ಇರಲೇ ಇಲ್ಲವೆಂದು ಅವರು ನನಗೆ ಎರಡು ಸಲ ಒತ್ತಿ ಹೇಳಿದರು. ಮೂವತ್ತು ವರ್ಷದ ದಾಂಪತ್ಯದಲ್ಲಿ ತನಗಾಗಿ ಇದು ಬೇಕೆಂದು ಬಾಯಿಬಿಟ್ಟು ಕೇಳದ ಹೆಂಗಸು ಕೇಳಿದ್ದರು. ಆಗದೆಂದು ಹೇಳುವ ಬಾಯಿ ಇವರಿಗಿರಲಿಲ್ಲ. ರಜೆಗೆ ಏಳು ವಾರವಿತ್ತು. ಹೋಗಬೇಕೆಂದಿದ್ದ ದ್ವೀಪದ ಮುಳುಗು ತರಬೇತಿಯವರನ್ನು ಫೋನಿನಲ್ಲಿ ವಿಚಾರಿಸಿದಾಗ, ಪಾಠ ಮತ್ತು ಕೊಳದ ಅಭ್ಯಾಸವನ್ನು ನಿಮ್ಮೂರಲ್ಲೇ ಮುಗಿಸಿಕೊಂಡು ಬಂದರೆ ಇಲ್ಲಿ ನೇರ ಸಮುದ್ರಕ್ಕೇ ಇಳಿಯಬಹುದು, ಇಲ್ಲವಾದರೆ ಅರ್ಧ ರಜೆ ತರಗತಿಯ ಬೆಂಚಿನ ಮೇಲೇ ಕಳೆಯುತ್ತದೆ ಎಂದಿದ್ದರು. ಹಾಗಾಗಿ ಹೊಸಬರಿಗೆ ಕಲಿಸುವ ಒಂದು ಒಳ್ಳೆಯ ತರಗತಿಯನ್ನು ಹುಡುಕಬೇಕು. ಅಷ್ಟೇ ನಿಮ್ಮ ಕೆಲಸ ಎಂದು ಅತ್ತಿಗೆ ಹೇಳಿ ಮುಗಿಸಿದ್ದರು.

ಆ 'ಅಷ್ಟೇ' ಅವರನ್ನು ಮೂರು ವಾರ ಅರೆಯಿತು. ಒಬ್ಬರ ಬಳಿ 'ಪರಿಚಯ ತರಗತಿ' ಇತ್ತು, ಇನ್ನೊಬ್ಬರ ಬಳಿ 'ಪ್ರವೇಶ ತರಗತಿ', ಮತ್ತೊಬ್ಬರ ಬಳಿ 'ಮೊದಲ ಅನುಭವ'. ಪರಿಚಯವಾದ ಮೇಲೆ ಪ್ರವೇಶವೋ, ಪ್ರವೇಶವಾದ ಮೇಲೆ ಅನುಭವವೋ ಎಂದು ಇವರು ಕೇಳಿದರೆ, ಫೋನಿನ ಆ ತುದಿಯ ಹುಡುಗಿ ಎಲ್ಲಾ ಒಂದೇ ಸಾರ್ ಎಂದಳು. ಒಂದೇ ಆದರೆ ಮೂರು ಹೆಸರೇಕೆ ಎಂದದ್ದಕ್ಕೆ, ಒಂದೇ ಅಲ್ಲ ಸಾರ್, ಬೇರೆ ಬೇರೆ ಎಂದಳು. ಒಂದರಲ್ಲಿ ಸಿಗುವ ಪ್ರಮಾಣಪತ್ರ ಇನ್ನೊಂದೆಡೆ ನಡೆಯುತ್ತದೋ ಇಲ್ಲವೋ ಎಂಬುದಕ್ಕೆ ಮೂವರು ನಾಲ್ಕು ಉತ್ತರ ಕೊಟ್ಟರು. ಆರಂಭಿಕರಿಗೆ ಎಂದು ದಪ್ಪಕ್ಷರದಲ್ಲಿದ್ದ ಒಂದು ತರಗತಿಗೆ ಸೇರಲು ಹಿಂದಿನ ತರಗತಿಯ ಪ್ರಮಾಣಪತ್ರ ತರಬೇಕಿತ್ತು. ಅದು ಎರಡನೆಯ ಹಂತದ ಆರಂಭವಂತೆ. ಇವೆಲ್ಲವನ್ನೂ ಅವರು ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು ಬರೆದು, ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ಎದುರು ಕೂತು ಕೇಳಿದರು. ಓದಿ ಮುಗಿಸುವ ಹೊತ್ತಿಗೆ ನನಗೂ ತಲೆ ಗಿರ್ರೆಂದಿತು.

ನಡುವೆ ಒಂದು ಶನಿವಾರ 'ನೀರಡಿಯ ಕೆಲಸ: ಹೊಸಬರಿಗೆ ಶಿಕ್ಷಣ' ಎಂಬ ಪ್ರಕಟಣೆಯನ್ನು ನಂಬಿ ನದಿಯಾಚೆಯ ಒಂದು ಶೆಡ್ಡಿಗೆ ಹೋದರು. ಅಲ್ಲಿ ಬಾಗಿಲಗಲದ ಭುಜಗಳ ಒಂಬತ್ತು ಮಂದಿ ಮೊದಲೇ ಬಂದು ಕೂತಿದ್ದರಂತೆ. ಮೇಷ್ಟರು ಸೇತುವೆಯ ಕಂಬಗಳಲ್ಲಿ ಬಿಡುವ ಬಿರುಕುಗಳ ವಿಷಯ ಆರಂಭಿಸಿದರು. ಅಡ್ಡ ಬಿರುಕು, ಉದ್ದ ಬಿರುಕು, ಕಂಬದ ಬುಡದಲ್ಲಿ ಮಣ್ಣು ಕೊಚ್ಚಿಹೋಗುವ ಬಗೆ. ಇವರು ಬಿಡದೆ ಬರೆದುಕೊಂಡರು. ಮೀನಿನ ವಿಷಯ ಮುಂದೆ ಬರಬಹುದೆಂದು ಕಾದರು. ನೀರಿನೊಳಗೆ ಕಬ್ಬಿಣ ಬೆಸೆಯುವ ಪಾಠಕ್ಕೆ ಬಂದಾಗ ಮಾತ್ರ ಕೈಯೆತ್ತಿ ತಮ್ಮ ಪ್ರಸಿದ್ಧ ಪ್ರಶ್ನೆಯನ್ನು ಕೇಳಿದರು. ಮೇಷ್ಟರು ಅವರ ಕೋಟನ್ನು ಮೇಲಿಂದ ಕೆಳಗೆ ನೋಡಿ, ಯಾವ ಕಂಪನಿಯಿಂದ ಕಳಿಸಿದ್ದಾರೆ ಎಂದರು. ಹೆಂಡತಿ ಕಳಿಸಿದ್ದು ಎಂದು ಇವರು ಇದ್ದದ್ದನ್ನೇ ಹೇಳಿದರು. ಸೋಮವಾರ ನನ್ನೆದುರು ಕೂತು, ಜಾಗ ತಪ್ಪಾಗಿತ್ತು, ಆದರೆ ಪಾಠ ಬಹಳ ಚೆನ್ನಾಗಿತ್ತು ಎಂದು ಗಂಭೀರವಾಗಿ ವರದಿ ಮಾಡಿದರು. ನಾನು ನಕ್ಕರೆ ಅವರಿಗೆ ಏಕೆಂದೇ ತಿಳಿಯಲಿಲ್ಲ.

ಕಡೆಗೆ ತರಗತಿ ಸಿಕ್ಕಿದ್ದು ಅತ್ತಿಗೆ ದಿನಾ ಈಜುತ್ತಿದ್ದ ಕೊಳದ ಹಿಂದಿನ ಕೋಣೆಯಲ್ಲೇ. ಇಷ್ಟು ದಿನ ಇದು ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದ್ದಕ್ಕೆ, ಆ ಬಾಗಿಲ ಮೇಲೆ ಪಂಪಿನ ಕೋಣೆ ಎಂದು ಬರೆದಿದೆ, ನಾನೇಕೆ ಒಳಗೆ ಹೋಗಲಿ ಎಂದು ಅತ್ತಿಗೆ ಮರುಪ್ರಶ್ನೆ ಹಾಕಿದರಂತೆ. ಕಲಿಸುವಾಕೆ ಕತ್ತರಿಸಿದ ಕೂದಲಿನ, ಒಡಕು ದನಿಯ ಗಿಡ್ಡ ಹೆಂಗಸು. ಎಲ್ಲರೂ ಕೋಚ್ ಎನ್ನುತ್ತಿದ್ದರು. ಅಂದರೆಯವರು ತಂದಿದ್ದ ಮೂವತ್ತೊಂದು ಪ್ರಶ್ನೆಗಳಿಗೂ ಆಕೆ ನಿಂತ ಕಾಲಲ್ಲೇ ಉತ್ತರ ಕೊಟ್ಟಳು. ಅಪಾಯವಿಲ್ಲ ಎಂದಾಗ, ಅಂದರೆ ಎಂದು ಇವರು ಕೇಳಿದರು. ಅಂದರೆ ನಾನು ಹೇಳಿದ ಹಾಗೆ ಮಾಡಿದರೆ ವಾಪಸ್ ಬರ್ತೀರಿ, ಇಲ್ಲವಾದರೆ ನಾನು ಎಳ್ಕೊಂಡು ಬರ್ತೀನಿ ಎಂದಳು ಆಕೆ. ಮೂರು ವಾರಗಳಲ್ಲಿ ಮೊದಲ ಬಾರಿಗೆ ಅವರ ಹುಬ್ಬುಗಳು ಕನ್ನಡಕದ ಹಿಂದಕ್ಕೆ ಇಳಿದವು.

ಸೇರುವ ಮೊದಲು ಇಬ್ಬರೂ ತುಂಬಬೇಕಾದ ಆರೋಗ್ಯದ ಒಂದು ಫಾರಂ ಇತ್ತು. ಎರಡು ಪುಟ, ಪ್ರತಿ ಪ್ರಶ್ನೆಯ ಮುಂದೆ ಹೌದು, ಇಲ್ಲ ಎಂಬ ಎರಡು ಚೌಕ. ಎಲ್ಲಾ ಕಡೆ 'ಇಲ್ಲ' ಅಂತ ಹಾಕಿಬಿಡಿ, ಒಂದು 'ಹೌದು' ಬಂತೋ ಡಾಕ್ಟರ ಹತ್ತಿರ ಅಲೆಯಬೇಕಾಗುತ್ತೆ ಎಂದು ಕೊಳದ ಬಾಗಿಲಲ್ಲಿ ಟಿಕೆಟ್ ಕೊಡುವವನು ಇವರ ಕಿವಿಯಲ್ಲಿ ಹೇಳಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಇವರು ಕಿವಿಯ ಪ್ರಶ್ನೆಯ ಮುಂದೆ 'ಹೌದು' ಎಂದು ಗುರುತು ಹಾಕಿ, ಪಕ್ಕದಲ್ಲಿ ಇಸವಿಯನ್ನೂ ಬರೆದರು. ಅತ್ತಿಗೆ ಒಂದೇ ನಿಮಿಷದಲ್ಲಿ, ಮೇಲಿಂದ ಕೆಳಗೆ, ಜಾರುಬಂಡೆಯಲ್ಲಿ ಜಾರಿದಂತೆ 'ಇಲ್ಲ'ಗಳ ಸಾಲು ಮುಗಿಸಿ, ನಾಳೆ ಎರಡನ್ನೂ ಕೊಟ್ಟುಬಿಡಿ ಎಂದು ಫಾರಂ ಇವರ ಕೈಗಿತ್ತರು.

ಕೈಗೆ ಅಕ್ಷರವಿರುವ ಕಾಗದ ಬಂದರೆ ಅಡಿಕೋಲು ತಾನಾಗಿ ಹೊರಬರುವ ಜೀವ ಅದು. ಎರಡನೆಯ ಪುಟದ ನಡುವೆ ಒಂದು ಸಾಲಿನ ಮೇಲೆ ಅಡಿಕೋಲು ನಿಂತಿತು. ಎದೆಬಡಿತಕ್ಕೆ ಸಂಬಂಧಪಟ್ಟ ಔಷಧವನ್ನು ಈಗ ಸೇವಿಸುತ್ತಿದ್ದೀರಾ? ಇಲ್ಲ.

ಎರಡು ವರ್ಷದ ಹಿಂದೆ ನಾವಿಬ್ಬರೂ ಒಂದು ತಿಳಿಹಳದಿ ಮಾತ್ರೆಯ ಕಾಗದವನ್ನು ಓದಿದ್ದೆವು. ತಾಳ ತಪ್ಪುವ ಎದೆಬಡಿತವನ್ನು ಹದ್ದುಬಸ್ತಿನಲ್ಲಿಡುವ ಮಾತ್ರೆ, ನನಗೂ ನೆನಪಿದೆ. ಕಳೆದ ಚಳಿಗಾಲದಲ್ಲಿ ಕತ್ತರಿ ಹುಡುಕಲೆಂದು ಹೆಂಡತಿಯ ಹೊಲಿಗೆ ಡಬ್ಬಿ ತೆರೆದಾಗ ದಾರದುಂಡೆಗಳ ಕೆಳಗೆ ಅದೇ ಮಾತ್ರೆಯ ಪಟ್ಟಿ ಇತ್ತಂತೆ, ನಾಲ್ಕು ಗುಳಿ ಖಾಲಿ. ಯಾರೋ ರೋಗಿಯದಿರಬೇಕು, ಆಸ್ಪತ್ರೆಯಿಂದ ಕೈಚೀಲದಲ್ಲಿ ಬಂದಿರಬೇಕು ಎಂದು ತಮಗೆ ತಾವೇ ಹೇಳಿಕೊಂಡು ಡಬ್ಬಿ ಮುಚ್ಚಿದ್ದರು. ಕಂಡಕಂಡದ್ದಕ್ಕೆಲ್ಲ ಅರ್ಥ ಕೇಳುವ ಮನುಷ್ಯ ಅಂದು ಏನನ್ನೂ ಕೇಳಿರಲಿಲ್ಲ.

ನಾಲ್ಕು ದಿನ ಆ ಫಾರಂ ಕೋಟಿನ ಒಳಜೇಬಿನಲ್ಲೇ ಇತ್ತು. ಆ ನಾಲ್ಕು ದಿನ ಅವರ ಕಣ್ಣಿಂದ ಎರಡು ತಪ್ಪು ಜಾರಿಹೋದವು. ನಾನು ಹಿಡಿದೆ, ಯಾರಿಗೂ ಹೇಳಲಿಲ್ಲ. ಚಹಾದ ಹೊತ್ತಿನಲ್ಲಿ, ಲೋಟವನ್ನು ತಿರುಗಿಸುತ್ತ, ಯಾರ ವಿಷಯವೆಂದು ಹೇಳದೆ ಕೇಳಿದರು.

"ಒಬ್ಬರು ಬರೆದದ್ದನ್ನ ಇನ್ನೊಬ್ಬರು ತಿದ್ದಬಹುದೇನಮ್ಮ?"

"ನಮ್ಮ ಕೆಲಸವೇ ಅದಲ್ವಾ ಅಣ್ಣ?"

"ಅದು ಕೈತಪ್ಪಿಗೆ. ಬರೆದವರು ಗೊತ್ತಿದ್ದೂ ಬರೆದಿದ್ದರೆ?"

ನಾನು ಏನೋ ಒಂದು ಹೇಳಿದೆ. ಬರೆದವರನ್ನೇ ಕೇಳಿನೋಡಿ ಎಂದೆನೆಂದು ಕಾಣುತ್ತದೆ. ವಿಷಯ ತಿಳಿದ ಮೇಲೆ ಆ ನನ್ನ ಹಗುರ ಮಾತನ್ನು ನೆನೆದು ನಾಚಿದ್ದೇನೆ. ಆಕೆಯ ಆಸೆಗೆ ಅಡ್ಡ ಬರುವ ಧೈರ್ಯ ಅವರಿಗಿರಲಿಲ್ಲ. ಆಕೆಯನ್ನು ಆ ಕಾಗದದ ಮೇಲೆ ನೀರಿಗೆ ಕಳಿಸುವ ಧೈರ್ಯವೂ ಇರಲಿಲ್ಲ. ಇನ್ನೂ ಒಂದು ಗೋಜಲಿತ್ತು, ಅದನ್ನು ಅವರೇ ಬಹಳ ದಿನಗಳ ನಂತರ ನನ್ನೆದುರು ಬಿಚ್ಚಿದರು: ಆಕೆ ಹೋಗದಿದ್ದರೆ ತಾನೂ ನೀರಿಗಿಳಿಯಬೇಕಾಗಿಲ್ಲವಲ್ಲ ಎಂಬ ಸಣ್ಣ ಸಮಾಧಾನ ಒಳಗೆಲ್ಲೋ ತಲೆಯೆತ್ತಿತ್ತಂತೆ. ಸತ್ಯ ಹೇಳಬೇಕೆನ್ನುತ್ತಿರುವುದು ಆಕೆಯ ಜೀವಕ್ಕೆ ಹೆದರಿಯೋ ತನ್ನ ಜೀವಕ್ಕೆ ಹೆದರಿಯೋ ಎಂಬುದೇ ಅವರಿಗೆ ಇತ್ಯರ್ಥವಾಗಿರಲಿಲ್ಲ.

ಐದನೆಯ ಬೆಳಿಗ್ಗೆ, ಅತ್ತಿಗೆ ಈಜು ಮುಗಿಸಿ ಒದ್ದೆ ಕೂದಲಲ್ಲಿ ಬಂದು ಅಡಿಗೆಮನೆಯ ಮೇಜಿಗೆ ಕೂತಾಗ, ಫಾರಮನ್ನು ಆಕೆಯ ಮುಂದಿಟ್ಟು, ಆ ಸಾಲಿನ ಕೆಳಗೆ ಅಡಿಕೋಲನ್ನಿಟ್ಟರು. ಆಕೆ ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ ಆ ಸಾಲನ್ನು ಓದಿದರಂತೆ.

"ಯಾವಾಗಿಂದ ಗೊತ್ತು ನಿಮಗೆ?"

"ಚಳಿಗಾಲದಿಂದ. ಹೊಲಿಗೆ ಡಬ್ಬಿ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ದರೆ ನೀನು ಹೇಳಿಬಿಡ್ತಿದ್ದೆ."

ಆಕೆ ಎದ್ದು, ಒಲೆಯ ಮೇಲೆ ಕುದಿಯುತ್ತಿದ್ದುದನ್ನು ಇಳಿಸಿ, ಬೆನ್ನು ಈ ಕಡೆ ಮಾಡಿಕೊಂಡೇ ಹೇಳಿದರು. "ಮೂವತ್ತನಾಲ್ಕು ವರ್ಷ ಬೇರೆಯವರ ಫಾರಂ ತುಂಬಿಸಿದ್ದೀನಿ. ಹೌದು ಅಂದರೆ ಏನಾಗುತ್ತೆ ಅಂತ ನನಗೆ ಗೊತ್ತು. ಇದೊಂದನ್ನ ನನ್ನಿಷ್ಟದ ಹಾಗೆ ತುಂಬ್ಕೊಳ್ಳೋಕೆ ಬಿಡಿ."

"ಕೆಳಗೆ ಜೊತೆಗಾರರ ಸಹಿ ಅಂತ ಇದೆ. ಅದು ನಾನು ಹಾಕಬೇಕು."

ಆಮೇಲೆ ಮೂರು ದಿನ ಆ ಮನೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಮೇಜಿಗೆ ಬಂತು, ಬಟ್ಟೆ ಇಸ್ತ್ರಿಯಾಯಿತು, ಮಾತು ಮಾತ್ರ ಇರಲಿಲ್ಲ. ನಾಲ್ಕನೆಯ ದಿನ ಅತ್ತಿಗೆ ಯಾರಿಗೂ ಹೇಳದೆ, ತಾವು ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ಕತ್ತರಿ ಚಿಮಟ ಕೊಟ್ಟ ಹೃದಯದ ಡಾಕ್ಟರ ಬಳಿಗೇ ಹೋದರು. ಅವರು ಎಲ್ಲಾ ಪರೀಕ್ಷೆ ಮಾಡಿ, ಸುತ್ತಿ ಬಳಸದೆ ಹೇಳಿದರು: ನೀರಿನ ಮೇಲೆ ಎಷ್ಟು ಬೇಕಾದರೂ ಈಜಿ, ಕೆಳಗೆ ಮಾತ್ರ ಬೇಡ. ಅಲ್ಲಿ ಎದೆ ತಾಳ ತಪ್ಪಿದರೆ ಮೇಲೆ ತರುವಷ್ಟು ಹೊತ್ತಿರಲ್ಲ.

ಅದೇ ವಾರ ಅಂದರೆಯವರು ಕಿವಿಯ ಡಾಕ್ಟರ ಮುಂದೆ ಕೂತರು. ಅವರೂ ಅತ್ತಿಗೆಯ ಹಳೆಯ ಪರಿಚಯದವರೇ. ನಿಮ್ಮನ್ನೇನು ಪರೀಕ್ಷೆ ಮಾಡೋದು ಎಂದು ಸಹಿಗೆ ಪೆನ್ನು ತೆಗೆದರಂತೆ. ಇವರು ಪೆನ್ನನ್ನು ಕೈಯಿಂದ ತಡೆದು ಪರೀಕ್ಷೆ ಮಾಡಿಸಿಕೊಂಡರು. ದೀಪ ಬಿಟ್ಟು ನೋಡಿ, ಮೂಗು ಹಿಡಿದು ಊದಿಸಿ, ಶಬ್ದ ಕೇಳಿಸಿ ಡಾಕ್ಟರು ಬರೆದುಕೊಟ್ಟರು: ಕಲೆ ಪೂರ್ತಿ ಮಾಯ್ದಿದೆ, ಮುಳುಗಲು ಅಡ್ಡಿಯಿಲ್ಲ. ಆ ಚೀಟಿಯನ್ನು ಅವರು ಕಚೇರಿಗೆ ತಂದು ನನ್ನ ಮುಂದಿಟ್ಟು, ಇದರಲ್ಲೇನಾದರೂ ತಪ್ಪಿದೆಯೇ ನೋಡಮ್ಮ ಎಂದರು. ನಾನು ಅಲ್ಪವಿರಾಮ, ಪೂರ್ಣವಿರಾಮ ಸಮೇತ ಓದಿದೆ. ಅವರು ಇನ್ನೊಮ್ಮೆ ಓದಿಸಿದರು. ತಪ್ಪಿರಲಿಲ್ಲ. ತಪ್ಪು ಸಿಗಲೆಂದು ಅವರು ಆಸೆಪಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ರಜೆಯನ್ನು ಬೇರೆಲ್ಲಾದರೂ ಕಳೆಯೋಣ, ಬೆಟ್ಟದ ಕಡೆ ಹೋಗೋಣ ಎಂದು ಆ ಸಂಜೆ ಇವರು ಹೇಳಿನೋಡಿದರು. ಅತ್ತಿಗೆ ಒಪ್ಪಲಿಲ್ಲ.

"ನೀವು ಇಳೀಬೇಕು."

"ಅಂದರೆ?"

"ನನಗಾಗಲ್ಲ. ನೀವು ಹೋಗಿ ನೋಡ್ಕೊಂಡು ಬಂದು ನನಗೆ ಹೇಳಬೇಕು. ಒಂದಕ್ಷರ ಬಿಡದ ಹಾಗೆ."

ಇದು ಶಿಕ್ಷೆಯೋ ಪ್ರೀತಿಯೋ ಎಂದು ಅವರು ನನ್ನನ್ನು ಕೇಳಿದರು. ಅವರಂಥವರಿಗೆ ಅರ್ಥವಾಗದ ಪದವನ್ನು ನಾನೇನು ಬಿಡಿಸಿ ಹೇಳಲಿ? ಇಂದಿಗೂ ನನಗೆ ಸರಿಯಾಗಿ ತಿಳಿದಿಲ್ಲ. ಎರಡೂ ಇದ್ದಿರಬಹುದು.

ಅಭ್ಯಾಸದ ಎರಡನೆಯ ಶನಿವಾರ ನಾನೂ ಕೊಳಕ್ಕೆ ಹೋಗಿದ್ದೆ. ಕಂದು ಕೋಟು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಕೊಳದ ಅಂಚಿನ ಬೆಂಚಿನ ಮೇಲೆ ಅತ್ತಿಗೆ ಟವೆಲು ಹಿಡಿದು ಕೂತಿದ್ದರು. ಎದೆಮಟ್ಟದ ನೀರಿನಲ್ಲಿ, ಬೆನ್ನಿಗೆ ಸಿಲಿಂಡರು ಹೊತ್ತು, ತೆಳುಗಾಲುಗಳ ಮೇಲೆ ಅಂದರೆಯವರು ನಿಂತಿದ್ದರು. ಕೋಟಿಲ್ಲದ ಅವರು ರಟ್ಟು ಕಿತ್ತ ಪುಸ್ತಕದಂತೆ ಕಂಡರು. ಅಂದಿನ ಪಾಠವೆಂದರೆ, ನೀರಿನಡಿ ಮೊಣಕಾಲೂರಿ ಕೂತು, ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡದೊಳಗೆ ಬೇಕೆಂದೇ ನೀರು ಬಿಟ್ಟುಕೊಂಡು, ಮೂಗಿನಿಂದ ಉಸಿರೂದಿ ಅದನ್ನು ಖಾಲಿ ಮಾಡುವುದು. ಮೊದಲ ಸಲ ನೀರು ಮೂಗಿಗೆ ತಾಕುತ್ತಲೇ ಧಿಗ್ಗನೆ ಎದ್ದು ನಿಂತರು. ಎರಡನೆಯ ಸಲವೂ ಹಾಗೇ. ಈ ಬಾರಿ ಕೆಮ್ಮು ನಿಲ್ಲಲಿಲ್ಲ, ಕಣ್ಣು ಕೆಂಪಾಗಿತ್ತು. ಇಂದಿಗೆ ಸಾಕು ಎಂದಳು ಕೋಚ್.

ಅತ್ತಿಗೆ ಬೆಂಚಿನಿಂದೆದ್ದು ಬಂದು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಅರಿವಳಿಕೆ ಕೊಡುವ ಮೊದಲು ರೋಗಿಗಳ ಜೊತೆ ಆಡುತ್ತಿದ್ದ ದನಿಯಿರಬೇಕು ಅದು. ನಾನು ಆಕೆಯ ಬಾಯಲ್ಲಿ ಅದನ್ನು ಹಿಂದೆ ಕೇಳಿರಲಿಲ್ಲ. "ಒಳಗೆ ತಗೊಳ್ಳೋದರ ಯೋಚನೆ ಬಿಡಿ. ಹೊರಗೆ ಬಿಡೋದನ್ನ ಮಾತ್ರ ಎಣಿಸಿ. ಒಳಗೆ ಬರೋದು ತಾನಾಗಿ ಬರುತ್ತೆ." ಆ ಮೂರು ದಿನದ ಮೌನದ ನಂತರ ಆಕೆ ಅಗತ್ಯಕ್ಕಿಂತ ಹೆಚ್ಚು ಆಡಿದ ಮೊದಲ ಮಾತು ಇದೆಂದು ಆಮೇಲೆ ತಿಳಿಯಿತು. ಅಂದರೆಯವರು ಅದಕ್ಕೆ ಅರ್ಥ ಕೇಳಲಿಲ್ಲ. ತಲೆಯಾಡಿಸಿ ನೀರಿನೊಳಗೆ ಇಳಿದರು. ನಾನು ಅತ್ತಿಗೆಯ ಮುಖ ನೋಡುತ್ತಿದ್ದೆ. ಅವರ ತುಟಿಗಳು ಅಂಕಿಗಳನ್ನು ಎಣಿಸುತ್ತಿದ್ದವು. ಹದಿನೇಳಕ್ಕೆ ಬಂದಾಗ ನೀರಿನಡಿಯಿಂದ ಒಂದು ಕೈ ಮೇಲೆ ಬಂದು, ಎಲ್ಲ ಸರಿಯಿದೆಯೆಂಬ ಸನ್ನೆಯನ್ನು, ಬೆರಳುಗಳನ್ನು ತುಸು ತಪ್ಪಾಗಿ ಮಡಿಸಿ, ತೋರಿಸಿತು.

ರಜೆಯಲ್ಲಿ ನಡೆದದ್ದನ್ನು ನಾನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಮೊದಲ ದಿನ ಮಾರ್ಗದರ್ಶಿಯ ಜೊತೆ ಒಂಬತ್ತು ಮೀಟರ್ ಆಳಕ್ಕಿಳಿದು ಹತ್ತೊಂಬತ್ತು ನಿಮಿಷ ಇದ್ದರು. ದೋಣಿಗೆ ಹತ್ತಿದವರು ಕಾಲಿನ ರಬ್ಬರು ರೆಕ್ಕೆಗಳನ್ನೂ ಕಳಚದೆ ಹೆಂಡತಿಯ ಎದುರು ಕೂತು ಹೇಳಲು ತೊಡಗಿದರು. ಹಳದಿ ಮೀನು, ಕಪ್ಪು ಪಟ್ಟೆ, ಪಟ್ಟೆ ಐದು. ಹೋಟೆಲಿನ ಗೋಡೆಯ ಚಿತ್ರದಲ್ಲಿ ಆರು ಬರೆದಿದ್ದಾರೆ, ತಪ್ಪು. ಒಂದು ಕಲ್ಲು ಕಲ್ಲಲ್ಲ, ಅದಕ್ಕೆ ಕಣ್ಣಿತ್ತು. ಮರಳು ಸಮತಟ್ಟಾಗಿಲ್ಲ, ಬಾಚಣಿಗೆ ಎಳೆದಂತೆ ಗೆರೆಗೆರೆಯಾಗಿದೆ. ಕೆಂಪು ಬಣ್ಣ ಕೆಳಗೆ ಹೋಗುತ್ತ ಕೆಂಪಾಗಿರುವುದಿಲ್ಲ. ಕೋಚ್ ಹೇಳಿದ್ದು ನಿಜ. ಅತ್ತಿಗೆ ಕಣ್ಣು ಮುಚ್ಚಿ ಕೇಳುತ್ತಿದ್ದರಂತೆ. ಇಡೀ ಒಂದು ಗಂಟೆ ಹೇಳಿದರೂ 'ಸುಂದರ' ಎಂಬ ಪದವನ್ನು ಅವರು ಬಳಸಲಿಲ್ಲವೆಂದು ಅತ್ತಿಗೆ ನನಗೆ ಹೇಳುವಾಗ ದನಿಯಲ್ಲಿ ಒಂಥರಾ ಹೆಮ್ಮೆಯಿತ್ತು. ಒಂದೆಡೆ ಮಾತ್ರ ಅವರು ತಡವರಿಸಿದರು. ಬಂಡೆಗಳ ಆಚೆ ನೆಲ ಥಟ್ಟನೆ ಮುಗಿದು ಬರೀ ನೀಲಿ ಇತ್ತು. ಅದರಂಚಿನಲ್ಲಿ ತೇಲುತ್ತ ನಿಂತಾಗ ತಮಗಾದದ್ದು ಭಯವೋ ಬೇರೆಯದೋ ಗೊತ್ತಾಗಲಿಲ್ಲ, ಅದಕ್ಕೆ ತಮ್ಮಲ್ಲಿ ಪದವಿಲ್ಲ ಎಂದರು. ಅತ್ತಿಗೆ ಆ ಭಾಗವನ್ನು ಇನ್ನೊಮ್ಮೆ ಹೇಳಿಸಿದರು.

ಎರಡನೆಯ ದಿನ ಅವರು ಇಳಿದಾಗ ಅತ್ತಿಗೆಯೂ ನೀರಿಗಿಳಿದರು, ಮೇಲೆಯೇ. ಮುಖ ನೀರಿಗೆ ಅದ್ದಿ, ಕೆಳಗಿನಿಂದ ಏಳುತ್ತಿದ್ದ ಗುಳ್ಳೆಗಳ ಜಾಡು ಹಿಡಿದು, ಅವರು ಹೋದತ್ತ ಈಜಿದರು. ಗುಳ್ಳೆಗಳು ಮೈಗೆ ತಾಗಿ ಒಡೆಯುತ್ತಿದ್ದವಂತೆ. ಕೆಳಗಿದ್ದವರು ಒಮ್ಮೆ ತಲೆಯೆತ್ತಿದರು. ಬೆಳಕಿನ ಹೊಳೆಯುವ ಚಾವಣಿಯ ಕೆಳಗೆ ಕಪ್ಪಗೆ, ಉದ್ದಕ್ಕೆ, ಎಲ್ಲೂ ಅವಸರವಿಲ್ಲದ ಕೈಗಳನ್ನು ಚಾಚುತ್ತ ಒಂದು ಆಕೃತಿ ತಮ್ಮ ನೇರಕ್ಕೆ ಸಾಗುತ್ತಿತ್ತು. ದಡದಲ್ಲಿ ಕೂತು ಮೂವತ್ತು ವರ್ಷ ನೋಡಿದ್ದೆ, ಅವಳು ಈಜೋದು ಹೀಗೆ ಅಂತ ನನಗೆ ಗೊತ್ತೇ ಇರಲಿಲ್ಲ ಎಂದು ಅವರು ನನಗೆ ಹೇಳಿದರು. ಹೇಳಿ, ಪ್ರೂಫಿನ ಮೇಲೆ ಅಡಿಕೋಲು ಇಟ್ಟು, ಓದಮ್ಮ ಎಂದರು.

ಕೋಪ ಹೋಯಿತೇ ಎಂದು ನಾನು ಅತ್ತಿಗೆಯನ್ನು ಒಮ್ಮೆ ಕೇಳಿದ್ದೆ. "ಹೋಗಿಲ್ಲ. ಹೋಗೋದೂ ಇಲ್ಲ. ಅದನ್ನೂ ಜೊತೆಗೆ ಕರ್ಕೊಂಡೇ ಹೋಗಿ ಬಂದ್ವಿ" ಎಂದು, ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು.

ಲೋಕದಲ್ಲಿ ಇಂಥವರ ಒಂದು ಜಾತಿಯೇ ಇದೆ. ಬಿರಬಿರನೆ ಬಾಳುವವರ ದಾರಿಯಲ್ಲಿ ಅವರು ಸಣ್ಣ ಕಲ್ಲಿನಂತೆ ಸಿಗುತ್ತಾರೆ, ನಾವು ಎಡವುತ್ತೇವೆ, ಅಡ್ಡಹೆಸರಿಟ್ಟು ನಗುತ್ತೇವೆ. ಅವರನ್ನು ಸತ್ಯವಂತರೆಂದು ಮಣೆ ಹಾಕಿ ಕೂರಿಸುವುದೂ ಸರಿಯಲ್ಲ. ಎಲ್ಲರಂತೆ ಅವರಿಗೂ ಕಣ್ಮುಚ್ಚಿ ಸಾಗಿಬಿಡುವ ಆಸೆಯಿರುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮುಚ್ಚಿಕೊಂಡೇ ಇರುತ್ತಾರೆ, ತೆರೆದಾಗಲೂ ಏನು ಮಾಡಬೇಕೆಂದು ತಿಳಿಯದೆ ನಮಗಿಂತ ಹೆಚ್ಚು ತಬ್ಬಿಬ್ಬಾಗುತ್ತಾರೆ. ಅವರ ಪಕ್ಕದಲ್ಲಿ ಬಾಳುವವರಿಗೆ ಇಷ್ಟಾರ್ಥಗಳು ಕೇಳಿದ ರೂಪದಲ್ಲಿ ಕೈಗೂಡುವುದು ಅಪರೂಪ. ಆದರೂ ಅಂಥವರೊಡನೆ ಒಂದು ಆಯುಷ್ಯ ಕಳೆದವರಿಗೆ ಮಾತ್ರ ಸಿಗುವ ಒಂದು ನೆಮ್ಮದಿಯಿದೆ. ಅವರು 'ಗೊತ್ತಿಲ್ಲ' ಎಂದರೆ ಗೊತ್ತಿಲ್ಲ. ಅವರು 'ನೋಡಿದೆ' ಎಂದರೆ, ನೋಡಿದ್ದಾರೆ.